ಇಬ್ಬನಿಯಲ್ಲಿ ಕಲಸಿದ ಬಣ್ಣ

ಇಷ್ಟೆಲ್ಲ ಅನಾಹುತಕ್ಕೆ ಕಾರಣ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಚೀಟಿ.

ಫಿಂಟನ್ ಡೆವಾನಿ ಚಿತ್ರ ಬರೆಯುವವನು. ನಾಕ್‌ಬೆಗ್ ಎಂಬ ಹಳ್ಳಿಯ ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ. ಉಳಿದ ಹೊತ್ತಿನಲ್ಲಿ ಹಿರಿಯರ ಕಾಲದ ನಾಲ್ಕು ಹಬ್ಬಗಳನ್ನು ಬರೆಯುತ್ತಿದ್ದ. ಸತ್ತವರು ಮನೆಗೆ ಬಂದು ಹೋಗುವ ಸೌಇನ್, ಬ್ರಿಜಿಡ್ ದೇವಿ ಕುರಿಗಳ ಕೆಚ್ಚಲು ತುಂಬಿಸುವ ಇಂಬೋಲ್ಕ್, ಮೇ ಒಂದರಂದು ಎರಡು ಬೆಂಕಿಗಳ ನಡುವೆ ದನ ಹಾಯಿಸುವ ಬ್ಯಾಲ್ಟನೆ, ಮೊದಲ ತೆನೆ ಕೊಯ್ಯುವ ಲೂನಸ. ಹಬ್ಬಗಳು ನಾಲ್ಕೇ ಆದ್ದರಿಂದ ಇಪ್ಪತ್ತು ವರ್ಷದಿಂದ ಆ ನಾಲ್ಕನ್ನೇ ಮಗುಚಿ ಮಗುಚಿ ಬರೆದಿದ್ದ. ಚಿತ್ರಗಳು ಚೆನ್ನಾಗಿಯೇ ಇದ್ದವು. ಕೊಳ್ಳುವವರು ಇರಲಿಲ್ಲ, ಅಷ್ಟೇ.

ಮೂರು ವರ್ಷದ ಹಿಂದೆ ಎನಿಸ್ ಪೇಟೆಯಲ್ಲಿ ಮಳೆಗೆ ನೆನೆಯುತ್ತ ಚಿತ್ರ ಹರಡಿಕೊಂಡು ನಿಂತಿದ್ದಾಗ ಒಬ್ಬಳು ಹೆಂಗಸು ಬಂದು, “ಎಲ್ಲಾ ಕಡೆ ಸಿಗೋ ಚಿತ್ರದ ಹಾಗೇ ಇದೆಯಲ್ಲ, ಇದರಲ್ಲೇನು ವಿಶೇಷ?” ಎಂದಳು. ಫಿಂಟನ್‌ಗೆ ಅವಮಾನದಿಂದ ಕಿವಿ ಕೆಂಪಾಯಿತು. ಕಿವಿ ಕೆಂಪಾದಾಗಲೆಲ್ಲ ಅವನ ನಾಲಿಗೆ ಅವನ ಮಾತು ಕೇಳುತ್ತಿರಲಿಲ್ಲ. “ಬಣ್ಣ ಕಲಸಿರೋದು ನೀರಲ್ಲಲ್ಲ ತಾಯಿ. ಮೇ ಒಂದನೇ ತಾರೀಕಿನ ಬೆಳಗಿನ ಇಬ್ಬನಿಯಲ್ಲಿ” ಎಂದುಬಿಟ್ಟ. ಆಕೆ ಎರಡು ಚಿತ್ರ ಕೊಂಡಳು.

ಅವತ್ತಿನಿಂದ ಪ್ರತಿ ಚಿತ್ರದ ಬೆನ್ನಿಗೂ ಒಂದು ಚೀಟಿ ಅಂಟಿತು: ‘ಮೇ ಮುಂಜಾವಿನ ಇಬ್ಬನಿಯಲ್ಲಿ ಕಲಸಿದ ಬಣ್ಣ.’ ಬಣ್ಣ ಕಲಸಿದ್ದೆಲ್ಲ ಅಡುಗೆಮನೆಯ ನಲ್ಲಿ ನೀರಿನಲ್ಲಿ. ಊರಿನವರಿಗೆ ಈ ಚೀಟಿಯ ಸುದ್ದಿ ಗೊತ್ತಿರಲಿಲ್ಲ. ಊರಿನವರು ಅವನ ಚಿತ್ರ ಕೊಂಡಿದ್ದರೆ ತಾನೇ ಅದರ ಬೆನ್ನು ನೋಡುವುದು!

ಈಗ ಏಪ್ರಿಲ್ ಕೊನೆಯಲ್ಲಿ ಕಾರ್ಕ್ ಪಟ್ಟಣದಿಂದ ಕಾಗದ ಬಂತು. ಬರೆದವಳು ಇಮೆಲ್ಡಾ ಟ್ವೋಮಿ, ಗಿಣ್ಣು, ಅಂದರೆ ಚೀಸು, ಮಾಡಿ ಊರೂರಿಗೆ ಮಾರುವ ದೊಡ್ಡ ಕುಳ. ಎರಡು ವರ್ಷದ ಹಿಂದೆ ಅವನ ಬ್ರಿಜಿಡ್ ಚಿತ್ರ ಕೊಂಡಿದ್ದಳು. ‘ಮೇ ಒಂದರ ಮಧ್ಯಾಹ್ನ ಬರುತ್ತೇನೆ. ಚೀಟಿಯಲ್ಲಿರುವುದು ಹೌದೋ ಅಲ್ಲವೋ ಎಂದು ನಿಮ್ಮ ಬಾಯಿಂದಲೇ ಕೇಳಬೇಕು. ನನಗೆ ಬೇಕಾದ ಉತ್ತರ ಸಿಕ್ಕರೆ ಉಳಿದ ಮೂರು ಹಬ್ಬಗಳನ್ನೂ ಕೊಳ್ಳುತ್ತೇನೆ.’

ಒಂದೇ ಸಲ ಮೂರು ಚಿತ್ರ! ಫಿಂಟನ್ ಕಾಗದವನ್ನು ಎದೆಗೆ ಒತ್ತಿಕೊಂಡ. ಮರುಗಳಿಗೆಯಲ್ಲಿ ಅದೇ ಎದೆ ಧಸಕ್ಕೆಂದಿತು. ಆ ಹೆಂಗಸಿನ ಮುಖ ನೋಡಿಕೊಂಡು ‘ಹೌದು, ಇಬ್ಬನಿ’ ಎನ್ನಬೇಕು. ಪೇಟೆಯಲ್ಲಿ ಬಾಯಿ ಜಾರಿದ್ದು ಬೇರೆ, ಮನೆಗೆ ಬಂದವಳ ಮುಂದೆ ಕೂತು ಸುಳ್ಳು ಹೇಳುವುದು ಬೇರೆ. ಎರಡು ರಾತ್ರಿ ಹೊರಳಾಡಿ ಕೊನೆಗೆ ಒಂದು ದಾರಿ ಕಂಡುಕೊಂಡ. ಈ ಒಂದು ವರ್ಷ ನಿಜವಾಗಿಯೂ ಇಬ್ಬನಿ ಹಿಡಿದುಬಿಡುವುದು. ಜಾಡಿ ತೋರಿಸಿದರಾಯಿತು, ಸುಳ್ಳು ಹೇಳಿದ ಹಾಗೂ ಆಗುವುದಿಲ್ಲ.

ಸುಳ್ಳನ್ನು ನಿಜ ಮಾಡಲು ಹೊರಟವನಷ್ಟು ದೊಡ್ಡ ಪೆದ್ದ ಇನ್ನೊಬ್ಬನಿಲ್ಲ.

ಮೇ ಒಂದರಂದು ಸೂರ್ಯ ಹುಟ್ಟುವ ಮೊದಲೇ ಹಾಸಿಗೆಯ ಬಿಳಿ ಬಟ್ಟೆ ಕಿತ್ತುಕೊಂಡು ಹೊರಬಿದ್ದ. ಅವನ ಅಂಗಳದಲ್ಲಿ ಇದ್ದದ್ದು ಜಲ್ಲಿಕಲ್ಲು ಮತ್ತು ತುರಿಕೆಗಿಡ. ರಸ್ತೆ ಬದಿಯ ಹುಲ್ಲನ್ನು ಸರ್ಕಾರದವರು ಇಡೀ ವರ್ಷ ಮರೆತಿದ್ದು ನಿನ್ನೆ ತಾನೇ ನೆನಪಿಸಿಕೊಂಡು ಬೋಳಿಸಿ ಹೋಗಿದ್ದರು. ಇನ್ನು ಉಳಿದದ್ದು ಗೋಡೆಯಾಚೆ ಡೆಲಿಯಾ ರೂನಿಯ ಹುಲ್ಲುಗಾವಲು. ಮೊಣಕಾಲೆತ್ತರದ ಹುಲ್ಲು, ತುದಿತುದಿಗೂ ಮುತ್ತು.

ಮೇ ಒಂದರ ಮುಂಜಾನೆ ಇನ್ನೊಬ್ಬರ ಹುಲ್ಲಿನ ಮೇಲೆ ಬಟ್ಟೆ ಎಳೆದವನು ಆ ಮನೆಯ ಒಂದು ವರ್ಷದ ಬೆಣ್ಣೆಯನ್ನೇ ಎಳೆದುಕೊಂಡು ಹೋದ ಹಾಗೆ. ನಾಕ್‌ಬೆಗ್‌ನ ತೊಟ್ಟಿಲ ಕೂಸಿಗೂ ಗೊತ್ತಿರುವ ಮಾತಿದು. ಫಿಂಟನ್‌ಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಅವನ ಅಜ್ಜಿ ಸಬೀನಾ ಮೊಲದ ರೂಪ ತಾಳಿ ಹೋಗಿ ಕಂಡವರ ಹಸುವಿನ ಕೆಚ್ಚಲು ಕುಡಿಯುತ್ತಿದ್ದಳೆಂದು ಊರು ಆಡಿಕೊಳ್ಳುತ್ತಿತ್ತು. ಅಜ್ಜಿ ಸತ್ತು ಮೂವತ್ತು ವರ್ಷವಾಗಿದ್ದರೂ ಮಾತು ಸತ್ತಿರಲಿಲ್ಲ. ‘ಐದು ನಿಮಿಷದ ಕೆಲಸ, ಯಾರು ನೋಡ್ತಾರೆ’ ಎಂದುಕೊಂಡು ಗೋಡೆ ಹಾರಿದ.

ನಾಲ್ಕು ಸಾಲು ಎಳೆದಿರಲಿಲ್ಲ.

“ಯಾರೋ ಅದು?”

ಡೆಲಿಯಾ ಹಾಲು ಕರೆಯುವ ಬಕೆಟ್ ಹಿಡಿದು ಬೇಲಿಯ ಪಕ್ಕ ನಿಂತಿದ್ದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಅವಳ ದನಿ ಕೇಳಿದರೆ ಹಸುಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದವು.

“ನಾನೇ ಡೆಲಿಯಾ.”

“ನೀನೇ ಅಂತ ಕಾಣ್ತಿದೆ. ಕೈಯಲ್ಲೇನು?”

“ಹಾಸಿಗೆ ಬಟ್ಟೆ.”

“ನಿನ್ನ ಹಾಸಿಗೆ ಬಟ್ಟೆಗೆ ನನ್ನ ಹುಲ್ಲಲ್ಲೇನು ಕೆಲಸ? ಅದೂ ಇವತ್ತು?”

ಫಿಂಟನ್‌ನ ಕಿವಿ ಕೆಂಪಾಯಿತು. ನಾಲಿಗೆ ಹೊರಟೇಬಿಟ್ಟಿತು. “ಮುಖ ತೊಳೆಯೋಕೆ ಬಂದೆ. ಮೇ ಇಬ್ಬನಿಯಲ್ಲಿ ತೊಳೆದರೆ ಮುಖಕ್ಕೆ ಕಾಂತಿ ಬರುತ್ತಂತಲ್ಲ.”

“ಅದು ಹದಿನಾರು ವರ್ಷದ ಹುಡುಗಿಯರಿಗೆ ಕಣೋ!” ಡೆಲಿಯಾ ಅವನನ್ನು ಬೋಳು ತಲೆಯಿಂದ ಹರಿದ ಬೂಟಿನವರೆಗೂ ನೋಡಿದಳು. “ಮುಖಕ್ಕೆ ಇಷ್ಟು ದೊಡ್ಡ ಬಟ್ಟೆ ಬೇಕಾ? ಹೂಂ, ನಿನ್ನ ಮುಖಕ್ಕೆ ಬೇಕಾದೀತು. ಎಲ್ಲಿ, ತೊಳಿ ನೋಡೋಣ.”

ನಲವತ್ತೆಂಟು ವರ್ಷದ ಬ್ರಹ್ಮಚಾರಿ ಹುಲ್ಲಿನಲ್ಲಿ ಮೊಣಕಾಲೂರಿ ಕೆನ್ನೆಗೆ ಇಬ್ಬನಿ ಸವರಿಕೊಂಡ. ಅವನ ಮುಖ ಎಷ್ಟು ಕಾದಿತ್ತೆಂದರೆ ಹಬೆ ಏಳದಿದ್ದದ್ದೇ ಆಶ್ಚರ್ಯ.

“ಕತ್ತಿಗೂ ಹಚ್ಕೋ” ಎಂದಳು ಡೆಲಿಯಾ. ಆಮೇಲೆ ದನಿ ತಗ್ಗಿಸಿ, “ಯಾರೋ ಅವಳು?”

“ಯಾರು?”

“ಅದೇ, ಈ ವಯಸ್ಸಲ್ಲಿ ನಿನ್ನ ಕೈಲಿ ಮುಖ ತೊಳೆಸ್ತಿರೋಳು.”

ಫಿಂಟನ್ ಒದ್ದೆ ಬಟ್ಟೆ ಬಾಚಿಕೊಂಡು ಗೋಡೆ ಹಾರಿ ಓಡಿದ. ಮನೆಯಲ್ಲಿ ಬಟ್ಟೆ ಹಿಂಡಿದರೆ ಜಾಮಿನ ಜಾಡಿಯಲ್ಲಿ ಅರ್ಧ ತುಂಬಿತು. ಬಣ್ಣ ತಿಳಿ ಚಹಾದ್ದು, ಒಳಗೆ ಒಂದು ಬಸವನಹುಳು. ಇರಲಿ, ಇಬ್ಬನಿ ಇಬ್ಬನಿಯೇ.

ಚಹಾ ಎಂದಾಗ ನೆನಪಾಯಿತು. ಬರುವವಳಿಗೆ ಕೊಡಲು ಮನೆಯಲ್ಲಿ ಹಾಲಿಲ್ಲ.

ಕಾನ್ ಹೆಗರ್ಟಿಯ ಅಂಗಡಿಗೆ ಅವನಿಗಿಂತ ಮೊದಲು ಅವನ ಸುದ್ದಿ ಹೋಗಿ ಕೂತಿತ್ತು. ಒಲೆಯ ಪಕ್ಕದ ಪೆಟ್ಟಿಗೆಯ ಮೇಲೆ ಎಂಬತ್ತು ದಾಟಿದ ಬಾರ್ಟ್ಲಿ ಕೂತಿದ್ದ. ಆ ಪೆಟ್ಟಿಗೆಯೂ ಬಾರ್ಟ್ಲಿಯೂ ಒಂದೇ ವರ್ಷ ಅಂಗಡಿಗೆ ಬಂದವೆಂದು ಹೇಳುತ್ತಿದ್ದರು.

“ಅಜ್ಜಾ, ಕಣ್ಣಿಗೆ ಕೈ ಅಡ್ಡ ಹಿಡ್ಕೊಳ್ಳಿ,” ಎಂದ ಕಾನ್. “ಫಿಂಟನ್ ಮುಖ ಹೊಳೀತಾ ಇದೆ. ದೃಷ್ಟಿ ಹೋದೀತು.”

“ನೋಡ್ದೆ ನೋಡ್ದೆ. ಬೋಳೂ ಹೊಳೀತಿದೆ. ಅಲ್ಲಿಗೂ ಹಚ್ಚಿದ್ಯೇನೋ?”

ಫಿಂಟನ್ ನೆಲ ನೋಡುತ್ತ, “ಒಂದು ಪೊಟ್ಟಣ ಚಹಾ, ಒಂದು ಬಿಸ್ಕತ್ತು” ಎಂದ. ಇಲ್ಲಿಗೆ ನಿಲ್ಲಿಸಬಹುದಿತ್ತು. “ಒಂದು ಬಾಟಲಿ ಹಾಲು.”

ಚಹಾ, ಬಿಸ್ಕತ್ತು ಮುಂದಿಟ್ಟ ಕಾನ್ ಕೈ ಹಿಂದಕ್ಕೆಳೆದುಕೊಂಡ.

“ಇವತ್ತು ಯಾವ ತಾರೀಕು ಫಿಂಟನ್?” ಎಂದ ಕಾನ್ ಮೆಲ್ಲಗೆ. ಮೇ ಒಂದರಂದು ಹಾಲು, ಬೆಣ್ಣೆ, ಕೆಂಡ ಯಾವುದನ್ನೂ ಯಾರೂ ಹೊಸಿಲು ದಾಟಿಸುವುದಿಲ್ಲ. ಅದರ ಬೆನ್ನಿಗೇ ಮನೆಯ ಅದೃಷ್ಟವೂ ಎದ್ದು ಹೋಗುತ್ತದೆ. ಕೊಡುವವನು ಪೆದ್ದ. ಕೇಳುವವನು ಕಳ್ಳ.

“ಬಾಟಲಿ ಹಾಲು ಮಾರಾಯ! ಕಾರ್ಖಾನೆಯಿಂದ ಬಂದದ್ದು!”

“ಹೊರಗಡೆ ಗಾಜು, ಒಪ್ಪಿದೆ. ಒಳಗಡೆ ಇರೋದು ಹಸುವಿಂದೇ ತಾನೆ?”

ಬಾರ್ಟ್ಲಿ ಬೆರಳು ಮಡಿಸತೊಡಗಿದ. “ಬೆಳಗ್ಗೆ ಡೆಲಿಯಾ ಹುಲ್ಲಿನ ಮೇಲೆ ಬಟ್ಟೆ ಎಳೆದ. ಈಗ ಬಂದು ಹಾಲು ಕೇಳ್ತಾನೆ. ಇವನಜ್ಜಿ ಸಬೀನಾನೂ ಹೀಗೇ...”

“ನಾನು ಬೆಣ್ಣೆ ಕದ್ದಿಲ್ಲ!” ಎಂದು ಕಿರುಚಿದ ಫಿಂಟನ್.

“ಬೆಣ್ಣೆ ಅಂದೋರು ಯಾರಪ್ಪ ಇಲ್ಲಿ?” ಎಂದ ಕಾನ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ! ಫಿಂಟನ್ ಚಹಾ ಪೊಟ್ಟಣವೊಂದನ್ನೇ ಬಾಚಿಕೊಂಡು, ಬಿಸ್ಕತ್ತು ಬಿಟ್ಟು ಹೊರಬಂದ.

ಮನೆಗೆ ಹೋಗುವ ದಾರಿ ಡೆಲಿಯಾಳ ಅಡುಗೆಮನೆಯ ಬಾಗಿಲ ಮುಂದೆಯೇ. ಒಳಗೆ ಅವಳ ಗಂಡ ಮಾಸಿ ಪೀಪಾಯಿಯಲ್ಲಿ ಕಡೆಗೋಲು ಕುಟ್ಟುತ್ತಿದ್ದ. ತೆಳ್ಳಗಿನ ಮನುಷ್ಯ, ಬೆವರಿ ಇನ್ನೂ ತೆಳ್ಳಗಾಗಿದ್ದ. “ಫಿಂಟನ್! ಎರಡು ಗಂಟೆಯಿಂದ ಕಡೀತಿದ್ದೀನಿ, ಬೆಣ್ಣೆ ಬರ್ತಿಲ್ಲ. ನೀನೂ ನಾಲ್ಕು ಏಟು ಹಾಕಿ ಹೋಗೋ” ಎಂದು ಕೂಗಿದ. ಮಜ್ಜಿಗೆ ಕಡೆಯುವ ಮನೆ ಮುಂದೆ ಹೋಗುವವನು ಕಡೆಗೋಲಿಗೆ ಕೈ ಹಾಕಿಯೇ ಹೋಗಬೇಕು. ಹಾಕದವನ ಮೇಲೆ ಅನುಮಾನ. ಆದರೆ ಒಳಗಿನಿಂದ ಡೆಲಿಯಾಳ ಹೆಜ್ಜೆ ಸದ್ದು ಕೇಳಿಸಿತು. ಮತ್ತೆ ‘ಯಾರೋ ಅವಳು’ ಎಂದರೆ?

“ಕೆಲಸ ಇದೆ ಮಾಸಿ!” ಎನ್ನುತ್ತ ಫಿಂಟನ್ ಓಡಿದ.

ಬಟ್ಟೆ ಎಳೆದದ್ದು ಒಂದು, ಹಾಲು ಕೇಳಿದ್ದು ಎರಡು, ಕೈ ಹಾಕದೆ ಓಡಿದ್ದು ಮೂರು. ಹನ್ನೊಂದು ಗಂಟೆಗೆ ಅವನ ಅಂಗಳದ ಜಲ್ಲಿಕಲ್ಲು ಕರಕರ ಎಂದಿತು. ಮುಂದೆ ಡೆಲಿಯಾ, ಹಿಂದೆ ಕಾನ್, ಅವನ ತೋಳು ಹಿಡಿದು ಬಾರ್ಟ್ಲಿ, ಇನ್ನೂ ಏಳೆಂಟು ಜನ. ಮಾಸಿಗೆ ಬಿಡುಗಡೆ ಸಿಕ್ಕಿರಲಿಲ್ಲ. ಗೋಡೆಯಾಚೆ ಕಡೆಗೋಲಿನ ಸದ್ದು ಕೇಳುತ್ತಲೇ ಇತ್ತು.

ಡೆಲಿಯಾ ನೇರ ಒಳನುಗ್ಗಿ ಜಾಡಿ ಎತ್ತಿಕೊಂಡು ಬಂದಳು. “ಮುಖ ತೊಳೆಯೋನು ಜಾಡಿಯಲ್ಲಿ ತುಂಬಿಡ್ತಾನೇನ್ರೋ? ನೋಡಿ, ನನ್ನ ಒಂದು ವರ್ಷದ ಬೆಣ್ಣೆ! ನಾನು ಅಷ್ಟು ಹೊತ್ತು ಇವನಿಗೆ ಕತ್ತು ತೊಳೆಯೋದು ಹೇಳ್ಕೊಡ್ತಾ ನಿಂತಿದ್ದೆ!”

“ಡೆಲಿಯಾ, ಕೇಳು...”

“ನಿಮ್ಮಜ್ಜಿಯ ಬುದ್ಧಿ ರಕ್ತದಲ್ಲೇ ಬಂದಿದೆ ನಿನಗೆ.”

ಅಜ್ಜಿ ಅಂದದ್ದು ಫಿಂಟನ್‌ಗೆ ತಾಗಿತು. ಅಜ್ಜಿ ಅವನನ್ನು ಸಾಕಿದವಳು. ಅವಳು ಕದ್ದದ್ದೇನಾದರೂ ಇದ್ದರೆ ತನ್ನ ಪಾಲಿನ ರೊಟ್ಟಿಯಲ್ಲಿ ಅರ್ಧ, ಅವನಿಗೆ ಕೊಡಲು. ಅವನು ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತು, ಬೂಟು ನೋಡುತ್ತ, ಎಲ್ಲವನ್ನೂ ಹೇಳಿದ. ಪೇಟೆಯಲ್ಲಿ ಬಾಯಿ ಜಾರಿದ್ದು, ಚೀಟಿ, ನಲ್ಲಿ ನೀರು, ಕಾರ್ಕ್‌ನ ಕಾಗದ. “ನಾನು ಬೆಣ್ಣೆ ಕಳ್ಳ ಅಲ್ಲ. ಬರೀ ಸುಳ್ಳುಗಾರ” ಎಂದು ಮುಗಿಸಿದ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

“ನಲ್ಲಿ ನೀರು!” ಎಂದ ಕಾನ್. “ಚಿತ್ರದ ಹಿಂದೆ ಊರ ಹೆಸರೂ ಬರೆದಿದ್ದೀಯಾ?”

“ಬರೆದಿದ್ದೀನಿ. ‘ನಾಕ್‌ಬೆಗ್’ ಅಂತ.”

“ಆಯ್ತಲ್ಲಪ್ಪ,” ಎಂದ ಬಾರ್ಟ್ಲಿ. “ಈಗ ಕಾರ್ಕ್‌ನೋರು ನಾಕ್‌ಬೆಗ್ ಅಂದ್ರೆ ಸುಳ್ಳರ ಊರು ಅಂತಾರೆ. ಕಾರ್ಕ್‌ನೋರು! ಅಂಥೋರ ಬಾಯಿಗೆ ಬೀಳೋದಾ?”

ಜನ ಅಲ್ಲೇ ತಲೆ ಸೇರಿಸಿ ಗುಸುಗುಸು ನಡೆಸಿದರು. ಬೆಣ್ಣೆ ಕದ್ದದ್ದು ಊರ ಒಳಗಿನ ಮಾತು, ತಾವೇ ಬಡಿದಾಡಿಕೊಳ್ಳಬಹುದು. ಹೊರಗಿನವಳ ಮುಂದೆ ಮರ್ಯಾದೆ ಹೋಗಬಾರದು. ಡೆಲಿಯಾ ತೀರ್ಪು ಕೊಟ್ಟಳು: “ಮೊದಲು ನನ್ನ ಇಬ್ಬನಿ ಎಲ್ಲಿಂದ ತಂದ್ಯೋ ಅಲ್ಲೇ ಸುರಿ. ಆಮೇಲೆ ಆ ಹೆಂಗಸು ಬರಲಿ. ನಾವೆಲ್ಲ ಇದ್ದೀವಿ.”

ಫಿಂಟನ್ ಊರಿನವರ ಕಣ್ಣೆದುರು ಗೋಡೆ ಹತ್ತಿ, ಹುಲ್ಲಿನಲ್ಲಿ ನಿಂತು ಜಾಡಿ ಬಗ್ಗಿಸಿದ. “ತಳ ತಟ್ಟು” ಎಂದಳು ಡೆಲಿಯಾ. ತಟ್ಟಿದ. ಬಸವನಹುಳು ಬಿತ್ತು. “ಅದೂ ನಂದೇ.” ಹಾಸಿಗೆ ಬಟ್ಟೆಯನ್ನೂ ತಂದು ಅಲ್ಲೇ ಇನ್ನೊಮ್ಮೆ ಹಿಂಡಿಸಿದಳು.

ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಹಸಿರು ಕಾರು ಕಾಣಿಸಿತು.

“ಜಾಡಿ ಖಾಲಿ!” ಎಂದ ಫಿಂಟನ್.

“ನಲ್ಲಿ ಇಲ್ವೇನೋ?” ಎಂದ ಕಾನ್. ಅವನೇ ಒಳಗೆ ಓಡಿ ಜಾಡಿ ತುಂಬಿಸಿ ತಂದು, ನೋಡಿದವರಿಗೆ ನಂಬಿಕೆ ಬರಲೆಂದು ಒಂದು ಎಳೆ ಹುಲ್ಲು ಕಿತ್ತು ಹಾಕಿದ. ಆಮೇಲೆ “ಅಂಗಡಿ ಬಾಗಿಲು ತೆರೆದಿಟ್ಟು ಬಂದಿದ್ದೀನಿ” ಎಂದು ರಸ್ತೆಗಿಳಿದ.

ಇಮೆಲ್ಡಾ ಟ್ವೋಮಿ ಕಾರಿನಿಂದ ಇಳಿದಳು. ಅರವತ್ತರ ಹೆಂಗಸು, ಬೂದು ಕೋಟು, ಗಿಣ್ಣಿನ ಗಡ್ಡೆಯಷ್ಟೇ ದುಂಡಗಿನ ಬಿಳಿ ಮುಖ. “ನೀವೇನಾ ಡೆವಾನಿಯವರು? ಒಂದೇ ಒಂದು ಪ್ರಶ್ನೆ ಕೇಳಿ ಹೋಗ್ತೀನಿ. ಆ ಚೀಟಿಯಲ್ಲಿರೋದು ನಿಜಾನಾ?”

ಫಿಂಟನ್ ಬಾಯಿ ತೆರೆದ. ಮಾತು ಬಂದದ್ದು ಡೆಲಿಯಾಳ ಬಾಯಿಂದ.

“ನಿಜಾನಾ ಅಂದ್ರೆ? ನನ್ನ ಈ ಎರಡು ಕಣ್ಣಿಂದ ನೋಡಿದ್ದೀನಿ ಮೇಡಂ. ಇವತ್ತು ಬೆಳಗ್ಗೆ, ಸೂರ್ಯ ಹುಟ್ಟೋ ಮುಂಚೆ, ಇಷ್ಟು ದೊಡ್ಡ ಬಟ್ಟೆ ಹಿಡ್ಕೊಂಡು ಎಳೀತಿದ್ದ.”

ಇಮೆಲ್ಡಾಳ ಮುಖ ಸ್ವಲ್ಪ ಬಿಗಿಯಾಯಿತು. “ಬಟ್ಟೆ ಎಳೀತಿದ್ರಾ? ಯಾರ ಹೊಲದಲ್ಲಿ?”

“ನನ್ನದೇ! ಪ್ರತಿ ವರ್ಷ ಅಲ್ಲೇ. ತಪ್ಪಿಸೋದೇ ಇಲ್ಲ.”

“ನಿಮ್ಮನ್ನ ಕೇಳಿ ಎಳೀತಾರಾ?”

“ಕೇಳೋದೇನು ಬಂತು? ಎಲ್ಲರೂ ಮಲಗಿರೋವಾಗ ಬಂದು ಎಳ್ಕೊಂಡು ಹೋಗ್ತಾನೆ. ಅಷ್ಟು ಶ್ರದ್ಧೆ! ಆ ಬ್ರಿಜಿಡ್ ಪಕ್ಕದಲ್ಲಿರೋ ಹಸು ನೋಡಿದ್ದೀರಲ್ಲ, ಅದೂ ನಮ್ಮ ಹಸುವೇ. ಹಾಗೇ ಎತ್ತಿ ಇಳಿಸಿಬಿಟ್ಟಿದ್ದಾನೆ.”

ಬಾರ್ಟ್ಲಿಗೆ ತಾನು ಹಿಂದೆ ಬೀಳಬಾರದೆನಿಸಿತು. “ಇದು ಇವನೊಬ್ಬನದಲ್ಲ ತಾಯಿ. ಇವನಜ್ಜಿ ಸಬೀನಾ ಕಾಲದಿಂದ ಬಂದ ವಿದ್ಯೆ. ಆಕೆ ಇನ್ನೂ ಜೋರು. ಸುತ್ತಮುತ್ತ ಆಕೆಯನ್ನ ಅರಿಯದ ಹಸುವೇ ಇರಲಿಲ್ಲ.”

ಇಮೆಲ್ಡಾಳ ಕಣ್ಣು ತುಂಬಿ ಬಂತು. ಫಿಂಟನ್‌ಗೆ ಹೃದಯ ಕರಗಿಹೋಯಿತು. ತನ್ನ ಕಲೆಗಾಗಿ ಒಬ್ಬರು ಅಳುವುದನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಜಾಡಿ ಮುಂದೆ ಚಾಚಿ, “ಹೌದು ಮೇಡಂ. ಇದೇ ಇವತ್ತಿನದು” ಎಂದ.

ಇಮೆಲ್ಡಾ ಟ್ವೋಮಿ ಜಾಡಿಯಲ್ಲಿ ಹಾವು ಕಂಡಂತೆ ಹಿಂದೆ ಹಾರಿದಳು.

“ಹತ್ತಿರ ತರಬೇಡಿ!” ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. “ಹಾಲಿನ ಕೆಲಸಕ್ಕೆ ಬ್ರಿಜಿಡ್ ಒಳ್ಳೇದು ಅಂತ ನಿಮ್ಮ ಚಿತ್ರಾನ ಗಿಣ್ಣಿನ ಕೋಣೆಯಲ್ಲಿ ಹಾಕಿದೆ. ಅವತ್ತಿಂದ ಒಂದು ಗಿಣ್ಣೂ ನೆಟ್ಟಗೆ ಹೆಪ್ಪುಗಟ್ಟಿಲ್ಲ. ಹೋದ ತಿಂಗಳು ಗೋಡೆ ಸುಣ್ಣ ಹೊಡೆಯೋವಾಗ ಚಿತ್ರ ತಿರುಗಿಸಿದರೆ ಆ ಚೀಟಿ! ನಮ್ಮಮ್ಮ ಹೈನಿನ ಮನೇಲಿ ಹುಟ್ಟಿದೋಳು. ಮೇ ಇಬ್ಬನಿ ಹಿಡಿಯೋರು ಎಂಥೋರು ಅಂತ ನನಗೆ ಹೇಳ್ಕೊಡಬೇಕಾ? ಆದರೂ ಮನಸ್ಸಿಗೆ ಸಮಾಧಾನ ಹೇಳ್ಕೊಂಡೆ. ಈ ಕಾಲದಲ್ಲಿ ಯಾರು ಅಂಥ ಕೆಲಸ ಮಾಡ್ತಾರೆ, ಕಲಾವಿದರು ಸುಳ್ಳು ಹೇಳ್ತಾರೆ, ನಲ್ಲಿ ನೀರೇ ಇರಬೇಕು. ಹೋಗಿ ಅವರ ಬಾಯಿಂದಲೇ ಅಷ್ಟು ಕೇಳಿಬಿಟ್ಟರೆ ನೆಮ್ಮದಿಯಾಗಿ ಇನ್ನೂ ಮೂರು ಚಿತ್ರ ಕೊಂಡು ತರೋಣ ಅಂತ ದುಡ್ಡು ಸಮೇತ ಬಂದಿದ್ದೆ.”



“ನಲ್ಲಿ ನೀರೇ!” ಎಂದು ಫಿಂಟನ್ ಕೂಗಿದ. “ದೇವರಾಣೆ ನಲ್ಲಿ ನೀರು! ಒಂದು ಹನಿ ಇಬ್ಬನಿ ಹಾಕಿಲ್ಲ! ಈ ಜಾಡಿಯಲ್ಲಿರೋದೂ ನಲ್ಲಿದೇ, ಬೇಕಾದ್ರೆ ಕುಡಿದು ತೋರಿಸ್ತೀನಿ!” ಗಟಗಟನೆ ಕುಡಿದ. ಹುಲ್ಲಿನ ಎಳೆ ಗಂಟಲಿಗೆ ಸಿಕ್ಕಿ ಕೆಮ್ಮು ಹತ್ತಿತು. “ಡೆಲಿಯಾ, ಹೇಳೇ! ಬಾರ್ಟ್ಲಿ ಅಜ್ಜ, ನೀವಾದ್ರೂ ಹೇಳಿ! ನಾನು ಕಡು ಸುಳ್ಳುಗಾರ ಅಂತ ಹೇಳಿ!”

ಡೆಲಿಯಾ ಬಾಯಿ ತೆರೆದಳು. ಈಗ ತಾನೇ ಆಣೆಯೊಂದನ್ನು ಬಿಟ್ಟು ಎಲ್ಲ ಹೇಳಿದವಳು ಏನೆಂದು ತಿರುಗಿಸಿ ಹೇಳಿಯಾಳು? ಆದರೂ ನೆರೆಮನೆಯವನೆಂಬ ಕರುಣೆಯಿಂದ, “ಮೇಡಂ, ನೋಡಿ, ವಿಷಯ ಏನಪ್ಪಾ ಅಂದ್ರೆ” ಎಂದು ಶುರುಮಾಡಿದಳು.

ಅದೇ ಗಳಿಗೆಗೆ ಗೋಡೆಯಾಚೆ ಕಡೆಗೋಲಿನ ಸದ್ದು ನಿಂತಿತು. ಮಾಸಿಯ ತಲೆ ಮೇಲೆದ್ದಿತು. ಬೆವರಿನಲ್ಲಿ ಅದ್ದಿ ತೆಗೆದ ಹಾಗಿದ್ದ.

“ಡೆಲಿಯಾ! ಬೆಣ್ಣೆ ಬಂತು ಕಣೇ! ಅವನು ಇಬ್ಬನಿ ವಾಪಸ್ ಸುರಿದ ತಕ್ಷಣ ಬಂತು ನೋಡು! ಇಷ್ಟು ದಪ್ಪ!”

ಇಮೆಲ್ಡಾ ಟ್ವೋಮಿ ಇನ್ನೊಂದು ಮಾತೂ ಕೇಳಲಿಲ್ಲ. ಕಾರಿನ ಹಿಂಬದಿ ತೆರೆದು, ಗೋಣಿಚೀಲದಲ್ಲಿ ಸುತ್ತಿ ಮೇಲೆ ಉಪ್ಪು ಚೆಲ್ಲಿದ್ದ ಬ್ರಿಜಿಡ್ ಚಿತ್ರವನ್ನು ಎರಡು ಬೆರಳಲ್ಲಿ ಎತ್ತಿ ಜಲ್ಲಿಕಲ್ಲಿನ ಮೇಲೆ ಇಟ್ಟಳು. “ಕೊಟ್ಟ ದುಡ್ಡು ನೀವೇ ಇಟ್ಕೊಳ್ಳಿ. ಇದೊಂದು ನನ್ನ ಮನೆಯಲ್ಲಿ ಬೇಡ” ಎಂದಳು. ಹಸಿರು ಕಾರು ಧೂಳೆಬ್ಬಿಸಿ ಹೋಯಿತು.

ಜನ ಒಬ್ಬೊಬ್ಬರಾಗಿ, ಅವನ ಮುಖ ನೋಡದೆ ಜಾರಿಕೊಂಡರು. “ನಾವು ಚೆನ್ನಾಗೇ ಹೇಳಿದ್ವಲ್ಲೋ” ಎಂದ ಬಾರ್ಟ್ಲಿ, ತನಗೇ ಹೇಳಿಕೊಂಡಂತೆ. ಡೆಲಿಯಾ ಕೈಗೆ ಏಪ್ರನ್ ಸುತ್ತಿಕೊಳ್ಳುತ್ತ, “ನಾಳೆ ಒಂದು ಉಂಡೆ ಬೆಣ್ಣೆ ಕಳಿಸ್ತೀನಿ” ಎಂದಳು. “ಇವತ್ತು ಕೊಡೋ ಹಾಗಿಲ್ಲ.”

ಸಂಜೆ ಫಿಂಟನ್ ಚಿತ್ರವನ್ನು ಮೊಣಕಾಲ ಮೇಲಿಟ್ಟುಕೊಂಡು ಚಾಕುವಿನಿಂದ ಚೀಟಿ ಕೆರೆಯುತ್ತ, ಹಾಲಿಲ್ಲದ ಕರಿ ಚಹಾ ಕುಡಿಯುತ್ತ ಕೂತಿದ್ದ. ಚೀಟಿ ಗಟ್ಟಿಯಾಗಿ ಅಂಟಿತ್ತು. ಬೆಳಗಿನಿಂದ ಪಟ್ಟ ಅವಮಾನ ಲೆಕ್ಕ ಹಾಕಿ, ಸದ್ಯ ಇನ್ನು ಯಾವುದೂ ಬಾಕಿಯಿಲ್ಲ ಎಂದು ಉಸಿರು ಬಿಟ್ಟ.

ಬಾಗಿಲಲ್ಲಿ ಕಾನ್ ಹೆಗರ್ಟಿ ನಿಂತಿದ್ದ. ಬೆಳಗ್ಗೆ ಬಿಟ್ಟುಹೋದ ಬಿಸ್ಕತ್ತಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಫಿಂಟನ್‌ನ ಹೆಗಲ ಮೇಲೆ ಕೈ ಹಾಕಿದ. ಅವನ ದನಿಯಲ್ಲಿ ನಿಜವಾದ ಮರುಕವಿತ್ತು.

“ಅಂಗಡಿ ಬಾಗಿಲಿಂದ ಎಲ್ಲಾ ನೋಡಿದೆ ಮಾರಾಯ. ನೀನು ಕೈ ಚಾಚಿದ್ದು, ಆಕೆ ಹಿಂದಕ್ಕೆ ಹಾರಿದ್ದು, ನೀನು ಕೊಟ್ಟಿದ್ದ ಚಿತ್ರ ನೆಲಕ್ಕೆ ಹಾಕಿ ಹೋಗಿದ್ದು. ಅಂಗಡಿಗೆ ಬಂದೋರೆಲ್ಲ ನಿನಗಾಗಿ ಮರುಗ್ತಿದ್ದಾರೆ.”

“ಏನಂತ?”

“ಬಾಯಿ ಬಿಡಬೇಡಪ್ಪ, ಗೊತ್ತಾಯ್ತು. ಚೀಟಿ, ಕಾಗದ ಅಂದದ್ದೆಲ್ಲ ನೆಪ. ಅವಳಿಗೋಸ್ಕರ ತಾನೆ ಬೆಳಗ್ಗೆ ಮುಖ ತೊಳೆದದ್ದು?” ಕಾನ್ ಬಿಸ್ಕತ್ತಿನ ಪೊಟ್ಟಣ ಅವನತ್ತ ತಳ್ಳಿದ. “ತಿನ್ನು. ಮುಂದಿನ ವರ್ಷ ಬೇರೆ ಯಾರಾದ್ರೂ ಸಿಗ್ತಾರೆ. ಡೆಲಿಯಾ ಕತ್ತಿಗೂ ಸರಿಯಾಗಿ ಹಚ್ಕೋ ಅಂದಿದ್ಲಂತೆ, ನೀನು ಕೇಳಲಿಲ್ಲ.”